ಕಾರಿನ ಹಿಂಗಾಲಿಗೆ ಚಿಕಿತ್ಸೆ

"ದನದ ಹೊಟ್ಟೆಯೊಳಗೆ ಕೈ ಹಾಕಿ, ಅಡ್ಡ ತಿರುಗಿದ ಕರುವನ್ನ ನೆಟ್ಟಗೆ ಮಾಡಿ ಎಳೆದೋನು ನಾನು. ಕಾರಿನ ಚಕ್ರದೊಳಗೆ ಕೈ ಹಾಕಿ ನಾಲ್ಕು ಬಿಲ್ಲೆ ಬದಲಿಸೋದು ಯಾವ ಮಹಾ ವಿದ್ಯೆ!"

ಬುಧವಾರ ಸಂಜೆ ಚಳ್ಳಕೆರೆಯ ನಮ್ಮ ಮನೆ ಅಂಗಳದಲ್ಲಿ ನಿಂತು ನಾನು ಹೀಗೆ ಘೋಷಣೆ ಹೊರಡಿಸಿದಾಗ ಕೇಳುವುದಕ್ಕೆ ಇದ್ದವರು ಮೂವರು: ಹೆಂಡತಿ ರೂಪ, ನಮ್ಮವ್ವ ಕೆಂಚಕ್ಕ ಮತ್ತು ಎದುರು ಸಾಲಿನಲ್ಲಿ ಗ್ಯಾರೇಜು ಇಟ್ಟಿರುವ ಖುದ್ದೂಸ್. ಮೂವರಲ್ಲಿ ಒಬ್ಬರೂ ಚಪ್ಪಾಳೆ ತಟ್ಟಲಿಲ್ಲ. ಮಹಾಪುರುಷರ ಆರಂಭವೆಲ್ಲ ಹೀಗೇ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡೆ.

ನಾನು ಪಶು ಆಸ್ಪತ್ರೆಯಲ್ಲಿ ಪರೀಕ್ಷಕ. ಸರ್ಕಾರದ ಕಾಗದದಲ್ಲಿ ನಾನು ಡಾಕ್ಟರಲ್ಲ. ಆದರೆ ದೊಡ್ಡಉಳ್ಳಾರ್ತಿಯಿಂದ ನನ್ನಿವಾಳದವರೆಗೆ ಯಾವ ಎಮ್ಮೆಯೂ ಆ ಕಾಗದ ಓದಿಲ್ಲವಾದ್ದರಿಂದ ಎಲ್ಲರ ಬಾಯಲ್ಲೂ ನಾನು ಡಾಕ್ಟ್ರೇ!

ನನ್ನ ಕಾರು ಸೆಕೆಂಡ್ ಹ್ಯಾಂಡು, ಆದರೆ ಮಹಾ ಆಧುನಿಕ. ಎರಡು ಸೀಟಿನ ನಡುವೆ ಎಳೆಯುವ ಹ್ಯಾಂಡ್ ಬ್ರೇಕ್ ಇರುತ್ತದಲ್ಲ, ಅದು ಇದಕ್ಕಿಲ್ಲ. ಅದರ ಜಾಗದಲ್ಲಿ ಹೆಬ್ಬೆರಳಿನಷ್ಟು ಒಂದು ಗುಂಡಿ. ಗುಂಡಿಯನ್ನು ಮೇಲಕ್ಕೆತ್ತಿದರೆ ಹಿಂದಿನ ಚಕ್ರಗಳಲ್ಲಿರುವ ಪುಟ್ಟ ಮೋಟಾರುಗಳು "ಕ್ವೀಂ" ಎಂದು ಬ್ರೇಕನ್ನು ಅಮುಕಿ ಹಿಡಿಯುತ್ತವೆ. ಕೆಳಕ್ಕೆ ಒತ್ತಿದರೆ ಬಿಡುತ್ತವೆ. ನಮ್ಮವ್ವನಿಗೆ ಇಡೀ ಕಾರಿನಲ್ಲಿ ಗೊತ್ತಿರುವ ವಿದ್ಯೆ ಇದೊಂದೇ. ಅವಳು ದನ ಕುರಿ ಮೇಯಿಸಿಕೊಂಡು ಬೆಳೆದವಳು. ನಿಲ್ಲಿಸಿದ ಪ್ರಾಣಿಯನ್ನು ಕಟ್ಟದೆ ಬಿಡುವುದು ಅವಳ ಲೆಕ್ಕದಲ್ಲಿ ಮಹಾಪಾಪ. ಕಾರು ಎಲ್ಲಿ ನಿಂತರೂ, "ಹಗ್ಗ ಕಟ್ಟಿದ್ಯೇನೋ ಲೋಹಿತ?" ಎಂದು ಕೇಳಿ, ನಾನು ಬಾಯಿ ತೆರೆಯುವ ಮೊದಲೇ ಆ ಗುಂಡಿಯನ್ನು ತಾನೇ ಎತ್ತಿಬಿಡುತ್ತಾಳೆ.

ಇಂಥ ಕಾರು ಒಂದು ತಿಂಗಳಿಂದ ಬ್ರೇಕ್ ಒತ್ತಿದಾಗಲೆಲ್ಲ ಹಿಂದಿನ ಚಕ್ರದಲ್ಲಿ ಕಿರ್ರೋ ಎಂದು ಕಿರುಚುತ್ತಿತ್ತು. ಖುದ್ದೂಸ್ ಬಗ್ಗಿ ನೋಡಿದ. ತಲೆ ಅಲ್ಲಾಡಿಸಿದ.

"ಹಿಂದಿನ ಬ್ರೇಕ್ ಬಿಲ್ಲೆ, ಪ್ಯಾಡು, ಖತಂ ಡಾಕ್ಟರ್ ಸಾಬ್. ಹೊಸಾದು ಕೊಡ್ತೀನಿ. ಆದ್ರೆ ಇದು ಮೋಟಾರ್ ಬ್ರೇಕು, ಮೋಟಾರ್ ಹಿಂದಕ್ಕೆ ಸರಿಸೋಕೆ ಸ್ಕ್ಯಾನರ್ ಹಾಕ್ಬೇಕು. ಸ್ಕ್ಯಾನರ್ ನಮ್ಮ ಗ್ಯಾರೇಜ್ ಹುಡ್ಗ ಮುಜಾಮಿಲ್ ಹಿರಿಯೂರಿಗೆ ತಗಂಡೋಗವ್ನೆ. ಶುಕ್ರವಾರ ಮಾಡ್ಕೊಡ್ತೀನಿ."

"ಶುಕ್ರವಾರ ಯಾರಿಗೆ ಬೇಕು? ನಾಳೆ ಜವಳಿ ಐತೆ!" ಎಂದಳು ರೂಪ.

ಈ ಜವಳಿಯ ಸಂಗತಿ ಹೇಳದೆ ಮುಂದೆ ಹೋದರೆ ನನ್ನ ಸಾಹಸದ ಬೆಲೆ ನಿಮಗೆ ತಿಳಿಯುವುದಿಲ್ಲ. ರೂಪಳ ತವರು ಮೊಳಕಾಲ್ಮೂರು. ಅವಳ ಅಣ್ಣ ಮುರುಗೇಶನ ಕಿರಿಮಗಳಿಗೆ ಮದುವೆ ಗೊತ್ತಾಗಿತ್ತು. ಗುರುವಾರ ನೇಕಾರರ ಮನೆಯಲ್ಲಿ ಮದುವೆ ಸೀರೆ ಆರಿಸುವ ಶಾಸ್ತ್ರ. ಆ ಮನೆತನದ ರೂಢಿಯಲ್ಲಿ ಸೀರೆಯ ರಾಶಿಯ ಮೇಲೆ ಮೊದಲ ಕೈ ಹುಡುಗಿಯ ಸೋದರತ್ತೆಯದು. ಅವಳು ಮುಟ್ಟಿ ಎತ್ತಿದ್ದೇ ಧಾರೆ ಸೀರೆ. ಹಿರಿಮಗಳ ಜವಳಿಗೆ ಬಸ್ಸಿನಲ್ಲಿ ಹೊರಟ ರೂಪ, ಬಸ್ಸು ದಾರಿಯಲ್ಲಿ ಕೆಟ್ಟು ನಿಂತು ತಡವಾದಳು. ರಾಹುಕಾಲ ಬಂದೀತೆಂದು ಅತ್ತಿಗೆಯ ತಂಗಿ ಸ್ವಪ್ನ "ನಾನೇ ಮುಟ್ತೀನಿ ಬಿಡಕ್ಕ" ಎಂದು ಕೈ ಇಟ್ಟುಬಿಟ್ಟಿದ್ದಳು. ಆ ಮದುವೆಯ ಫೋಟೋ ಇವತ್ತಿಗೂ ರೂಪ ಕಣ್ಣೆತ್ತಿ ನೋಡಿಲ್ಲ. ಇನ್ನು ಉಳಿದಿರುವುದು ಇದೊಂದೇ ಹುಡುಗಿ, ಇದೊಂದೇ ಅವಕಾಶ. ಗುರುವಾರ ಒಂದೂವರೆಗೆ ರಾಹುಕಾಲ.

"ನಾನು ಈ ಸಲ ಬೆಳಕು ಹರಿಯೋದ್ರೊಳಗೆ ಬಸ್ಸಿಗೆ ಹೋಗಿ ಕೂತ್ಕೋತೀನಿ. ಒಂದು ಕೆಟ್ರೆ ಇನ್ನೊಂದು ಸಿಗ್ತೈತೆ" ಎಂದಳು ರೂಪ.

"ಗಂಡ ಅಂತ ಒಬ್ಬ ಇದ್ದು, ಕಾರು ಅಂತ ಒಂದಿದ್ದು, ನೀನು ಬಸ್ಸಿಗೆ ಹೋಗೋದೇ? ಬೆಳಗ್ಗೆ ಪ್ಯಾಡ್ ಬದಲಿಸ್ತೀನಿ, ಹನ್ನೆರಡಕ್ಕೆ ನಿನ್ನ ತವರು ಮನೆ ಮುಂದೆ ಇಳಿಸ್ತೀನಿ!"

"ಕೆಲಸ ಇಲ್ಲದ ಬಡಗಿ ಮಗನ ಕುಂಡೆ ಕೆತ್ತಿದ್ನಂತೆ."

"ನಂಬು ಕಣೇ!"

"ತಪ್ಪಿದ್ರೆ?"

"ತಪ್ಪಿದ್ರೆ ನನ್ನ ಹೆಸರು ಎಮ್ಮೆಗಿಡು!"

ನಂಬಿದಳು. ಪಾಪ, ಮದುವೆಯಾದಾಗಿನಿಂದ ಅವಳಿಗಿರುವ ಕೆಟ್ಟ ಚಟ ಅದೊಂದೇ.

ಬೆಳಗ್ಗೆ ಎದ್ದವನೇ ಹಳೇ ಲುಂಗಿ ಎತ್ತಿ ಕಟ್ಟಿದೆ. ಮೊಬೈಲಿನಲ್ಲಿ ಒಂದು ವಿಡಿಯೋ ಹುಡುಕಿ ಇಟ್ಟುಕೊಂಡಿದ್ದೆ. ಯಾವುದೋ ದೇಶದವನು, ಯಾವುದೋ ಭಾಷೆ. ಮುಖವಿಲ್ಲ, ಕಾಣುವುದು ಎರಡು ಕೈ ಮಾತ್ರ. ಸ್ಕ್ಯಾನರ್ ಇಲ್ಲದೆಯೇ ಆ ಮೋಟಾರನ್ನು ಹಿಂದಕ್ಕೆ ಸರಿಸುವ ಉಪಾಯವನ್ನು ಅವನು ತೋರಿಸುತ್ತಿದ್ದ: ಕೀಲಿ ತಿರುಗಿಸಬೇಕು, ಆಕ್ಸಿಲರೇಟರ್ ಪೂರ್ತಿ ತುಳಿಯಬೇಕು, ಗುಂಡಿಯನ್ನು ಕೆಳಕ್ಕೆ ಒತ್ತಿಯೇ ಹಿಡಿದು, ಕೀಲಿ ಆಫ್ ಮಾಡಿ ಮತ್ತೆ ಆನ್ ಮಾಡಬೇಕು. ಆಗ ಕಾರು ರಿಪೇರಿ ಸ್ಥಿತಿಗೆ ಬಂದು ಮೋಟಾರು ತಾನಾಗಿ ಹಿಂದಕ್ಕೆ ಸರಿಯುತ್ತದೆ. ನಾನು ಮಾಡಿದೆ. "ಕ್ವೀಂ" ಎಂದಿತು! ಡ್ಯಾಶ್ ಬೋರ್ಡಿನಲ್ಲಿ ಹಳದಿ ದೀಪ ಮಿಣಮಿಣ ಎಂದಿತು! ನನ್ನ ಮೈಮೇಲಿನ ರೋಮವೆಲ್ಲ ನೆಟ್ಟಗಾಯಿತು.

ಮುಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಎಡ ಚಕ್ರ ಬಿಚ್ಚಿದೆ. ಪ್ಯಾಡುಗಳನ್ನು ಹಿಡಿದುಕೊಳ್ಳುವ ಕಬ್ಬಿಣದ ಹಿಡಿಕೆಗೆ ಕ್ಯಾಲಿಪರ್ ಎನ್ನುತ್ತಾರೆ. ನನ್ನ ಕಣ್ಣಿಗೆ ಅದು ಥೇಟ್ ದವಡೆ! ದವಡೆ ಬಿಡಿಸಿ ಹಲ್ಲು ನೋಡಿ ವಯಸ್ಸು ಹೇಳುವುದು ನನ್ನ ಕಸುಬೇ ಅಲ್ಲವೇ? ನೋಡಿದೆ. ಹಲ್ಲೆಲ್ಲ ಸವೆದು ಒಸಡು ಕಾಣುತ್ತಿತ್ತು. ಮುದಿ ಎತ್ತು! ದವಡೆಯೊಳಗಿನ ಪ್ಯಾಡನ್ನು ಅಮುಕುವ ಪಿಸ್ಟನ್ ಎಂಬ ಗುಂಡನೆಯ ಕಬ್ಬಿಣದ ಬಿರಡೆಯನ್ನು, ಬಡಗಿಗಳು ಮರ ಬಿಗಿಯುವ ಶಿಕಂಜ ಹಾಕಿ ನಿಧಾನಕ್ಕೆ ಒಳಗೆ ತಳ್ಳಿ, ಹೊಸ ಹಲ್ಲು ಕಟ್ಟಿ, ದವಡೆ ಮುಚ್ಚಿ, ಚಕ್ರ ಬಿಗಿದೆ.

"ಒಂದು ಮುಗೀತು!" ಎಂದು ಬೀದಿಗೆಲ್ಲ ಕೇಳುವಂತೆ ಕೂಗಿದೆ. ಖುದ್ದೂಸ್ ಗ್ಯಾರೇಜಿನಿಂದ ಇಣುಕಿದ. ನಾನು ಬೇಕೆಂದೇ ಅವನ ಕಡೆ ನೋಡಲಿಲ್ಲ. ಗೆದ್ದವರು ಹಾಗೆಲ್ಲ ನೋಡಬಾರದು.

ಬಲ ಚಕ್ರ ಬಿಚ್ಚಿದೆ. ದವಡೆ ತೆಗೆದು ತಂತಿಯಲ್ಲಿ ನೇತುಹಾಕಿದೆ. ಪಿಸ್ಟನ್ ಒಳಗೆ ತಳ್ಳಿದೆ. ಹೊಸ ಪ್ಯಾಡು ಕೈಗೆತ್ತಿಕೊಂಡೆ. ಅಷ್ಟರಲ್ಲಿ ಕಾರಿನ ಮುಂಬಾಗಿಲು ತೆರೆದು ಮುಚ್ಚಿದ ಸದ್ದಾಯಿತು. ನಮ್ಮವ್ವ! ಎಲ್ಲಿಗಾದರೂ ಹೊರಡುವ ದಿನ ಅವಳು ಎಲ್ಲರಿಗಿಂತ ಮೊದಲು ಬಂದು ವಾಹನದಲ್ಲಿ ಕೂತುಬಿಡುತ್ತಾಳೆ. ಮೊದಲೇ ಕೂತವರನ್ನು ಬಿಟ್ಟು ಹೋಗುವುದಕ್ಕೆ ಆಗುವುದಿಲ್ಲವೆಂಬುದು ಅವಳ ನ್ಯಾಯ. ಹೊಸ ಸೀರೆ ಉಟ್ಟು, ಎಲೆ ಅಡಿಕೆ ಚೀಲ ಮಡಿಲಲ್ಲಿಟ್ಟುಕೊಂಡು, ಜಾಕ್ ಮೇಲೆ ನಿಂತ ಕಾರಿನಲ್ಲಿ ಮಹಾರಾಣಿಯ ಹಾಗೆ ಕೂತಿದ್ದಾಳೆ!

"ಅವ್ವಾ, ಇಳಿ! ರಿಪೇರಿ ನಡೀತೈತೆ!"

"ನಿನ್ನ ಕೆಲಸ ನೀ ಮಾಡಪ್ಪ, ನಾನೇನ್ ಅಡ್ಡ ಬಂದ್ನಾ? ಅಲ್ಲ ಕಣೋ, ಹಿಂಗಾಲು ಎತ್ತಿ ನಿಲ್ಲಿಸಿದ್ಯಾ, ಹಗ್ಗಾನೇ ಕಟ್ಟಿಲ್ಲ! ಕಟ್ಟದ ದನ ಕಳ್ಳರ ಪಾಲು."

"ಅವ್ವಾ, ಬ್ಯಾಡ—"

ಕ್ವೀಂ!

ಆ ಗುಂಡಿಯ ಮಹಿಮೆ ಏನೆಂದರೆ, ಬ್ರೇಕ್ ಬಿಡಿಸುವುದಕ್ಕೆ ಕೀಲಿ ಬೇಕು, ಹಾಕುವುದಕ್ಕೆ ಬೇಡ! ನನ್ನ ಕಣ್ಣೆದುರಿಗೇ, ಅಮುಕಲು ಎದುರಿಗೆ ಏನೂ ಇಲ್ಲದ ಆ ಪಿಸ್ಟನ್ನು ದವಡೆಯಿಂದ ಹೊರಹೊರಗೆ ಬರತೊಡಗಿತು. ಬಂತು, ಬಂತು, ಬರುತ್ತಲೇ ಇತ್ತು! ಸುತ್ತಲ ರಬ್ಬರಿನ ಪೊರೆ ಬಿಗಿದುಕೊಂಡಿತು. ಇನ್ನು ಒಂದು ನೂಲು ಮುಂದೆ ಬಂದರೆ ಎಣ್ಣೆಯೆಲ್ಲ ಸುರಿದು, ಕಾರು ಮೊಳಕಾಲ್ಮೂರಿಗಲ್ಲ, ಗುಜರಿಗೆ ಹೋಗಬೇಕು. ಅಷ್ಟರಲ್ಲಿ ಪುಣ್ಯಕ್ಕೆ ಮೋಟಾರಿಗೇ ಬೇಸರವಾಗಿ ನಿಂತಿತು.

"ಹ್ಞಾಂ, ಈಗ ಕಟ್ಟಾಯ್ತು" ಎಂದಳು ಅವ್ವ ಸಮಾಧಾನದಿಂದ.

ನಾನು ಶಿಕಂಜ ಹಾಕಿ ತಿರುಪಿದೆ. ಅಲ್ಲಾಡಲಿಲ್ಲ. ಕಾಲು ಕೊಟ್ಟು ತಿರುಪಿದೆ. ಶಿಕಂಜ ಬಾಗಿತು, ಪಿಸ್ಟನ್ ಬಾಗಲಿಲ್ಲ. ದೇವರ ಹೆಸರು ಹೇಳಿದೆ. ದೇವರ ಹೆಸರಲ್ಲದ್ದೂ ನಾಲ್ಕು ಹೇಳಿದೆ. ಆ ಹೊತ್ತಿಗೆ ಸರಿಯಾಗಿ, ರಾಹುಕಾಲದೊಳಗೆ ಮುಟ್ಟಿಸುವ ಕೊನೆಯ ಮೊಳಕಾಲ್ಮೂರು ಬಸ್ಸು ಹಾರ್ನ್ ಹೊಡೆಯುತ್ತ ರಸ್ತೆಯಲ್ಲಿ ಹಾದುಹೋಯಿತು. ರೇಷ್ಮೆ ಸೀರೆ ಉಟ್ಟು, ಹೂ ಮುಡಿದು ಬಾಗಿಲಲ್ಲಿ ನಿಂತಿದ್ದ ರೂಪ ಆ ಬಸ್ಸನ್ನು ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಬೈಯಲಿಲ್ಲ. ಕಣ್ಣಲ್ಲಿ ನೀರು ತುಂಬಿಕೊಂಡಳು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ ಸ್ವಾಮಿ, ಇದನ್ನು ತಡೆದುಕೊಳ್ಳಲು ಆಗಲಿಲ್ಲ.

ಖುದ್ದೂಸ್ ರಸ್ತೆ ದಾಟಿ ಬಂದ. ನೇತಾಡುವ ದವಡೆ ನೋಡಿ ಲೊಚಗುಟ್ಟಿದ.

"ಸಾಬ್, ಇದು ಹೊರಗೆ ಬಂದ್ಬಿಟ್ಟೈತೆ. ಈಗ ಒತ್ತಿದ್ರೆ ಒಳಗಿನ ತಿರುಪಿನ ಮರೆ ಕೆಡ್ತೈತೆ. ಬಿಟ್ಬಿಡಿ. ಹೇಳಿದ್ರೆ ನನ್ನ ಗೂಡ್ಸ್ ಆಟೋ ತರ್ತೀನಿ, ಭಾಬಿ ಮುಂದೆ ಕೂತ್ಕೊಳ್ಲಿ."

ರೇಷ್ಮೆ ಸೀರೆಯ ಸೋದರತ್ತೆ ಗೂಡ್ಸ್ ಆಟೋದಲ್ಲಿ! ಸ್ವಪ್ನಳ ಮುಖ ನನ್ನ ಕಣ್ಣ ಮುಂದೆ ಬಂತು. ಖುದ್ದೂಸನ ಮಾತಿನಲ್ಲಿ ಮಾತ್ರ ಒಂದು ಪದ ನನ್ನ ತಲೆಗೆ ಸಿಕ್ಕಿಕೊಂಡಿತು. ಹೊರಗೆ ಬಂದುಬಿಟ್ಟಿದೆ! ಅಯ್ಯೋ, ಇದು ನನಗೆ ಗೊತ್ತಿಲ್ಲದ ಕಾಯಿಲೆಯೇ? ಕರು ಹಾಕಿದ ಮೇಲೆ ಎಮ್ಮೆಗೆ ಗರ್ಭಕೋಶ ಹೊರಗೆ ಬಂದರೆ ವಾರಕ್ಕೊಂದು ಸಲ ಒಳಗೆ ಕೂರಿಸಿ ಬರುವವನು ನಾನೇ! ಅದರಲ್ಲಿ ಒಂದೇ ಒಂದು ಗುಟ್ಟು: ಎಮ್ಮೆ ತಿಣುಕಿ ಮುಕ್ಕುವಾಗ ತಳ್ಳಬಾರದು. ತಳ್ಳಿದರೆ ಅದು ಇನ್ನೂ ಮುಕ್ಕುತ್ತದೆ. ಮುಕ್ಕು ನಿಲ್ಲುವವರೆಗೆ ಕಾದು, ಅದು ಉಸಿರು ಬಿಟ್ಟಾಗ ಅಂಗೈಯಲ್ಲಿ ಮೆಲ್ಲಗೆ ಒತ್ತಬೇಕು.

ಕಾರು ಮುಕ್ಕುತ್ತಿತ್ತು! ನಾನು ತಳ್ಳುತ್ತಿದ್ದೆ!

"ರೂಪಾ! ಬಾ, ಡ್ರೈವರ್ ಸೀಟಲ್ಲಿ ಕೂತ್ಕೊ! ಅವ್ವಾ, ನೀನು ಎರಡು ಕೈಯಲ್ಲೂ ಎಲೆ ಅಡಿಕೆ ಚೀಲ ಹಿಡ್ಕೊ, ಬಿಡಬ್ಯಾಡ!"

ರೂಪ ಮೂಗೊರೆಸಿಕೊಂಡು, ನೆರಿಗೆ ಎತ್ತಿ ಹಿಡಿದು ಕೂತಳು.

"ಬಲಗಾಲಲ್ಲಿ ಆಕ್ಸಿಲರೇಟರ್ ತುಳಿ. ಬ್ರೇಕ್ ಮಾತ್ರ ಮುಟ್ಟಬ್ಯಾಡ! ಮುಟ್ಟಿದ್ರೆ ಇದು ಪೂರ್ತಿ ಕಿತ್ಕೊಂಡು ಬರ್ತೈತೆ!"

"ಬ್ರೇಕ್ ರಿಪೇರಿ ಮಾಡ್ತಾ ಬ್ರೇಕ್ ಮುಟ್ಟಬ್ಯಾಡ ಅಂತೀರಲ್ರೀ!"

"ಆಪರೇಷನ್ ಟೇಬಲ್ ಹತ್ರ ವಾದ ಮಾಡಬಾರದು! ಗುಂಡಿ ಕೆಳಕ್ಕೆ ಒತ್ತಿ ಹಿಡ್ಕೊ. ಕೀಲಿ ಆಫ್. ಈಗ ಆನ್!"

ಏನೂ ಆಗಲಿಲ್ಲ.

"ಗುಂಡಿ ಬಿಟ್ಯಾ?"

"ಬೆವರಿಗೆ ಜಾರ್ತೈತೆ ರೀ."

"ಇನ್ನೊಂದ್ಸಲ. ಸ್ವಪ್ನನ ಕತ್ತು ಅಂದ್ಕೊಂಡು ಒತ್ತು!"

ಅಬ್ಬಾ, ಒತ್ತಿದಳು ನೋಡಿ! ಗುಂಡಿ ಒಳಗೇ ಹೋಯಿತೇನೋ ಎಂದುಕೊಂಡೆ. ಹಳದಿ ದೀಪ ಮಿಣುಕಿತು. ದವಡೆಯೊಳಗೆ "ಕ್ವೀಂ" ಎಂಬ ಸದ್ದು, ಈ ಸಲ ದೂರಕ್ಕೆ ಹೋಗುವಂತೆ. ಕಾರು ಉಸಿರು ಬಿಟ್ಟಿತು! ನಾನು ಪಿಸ್ಟನ್ನಿನ ಮೇಲೆ ಅಂಗೈ ಇಟ್ಟೆ. ಎಮ್ಮೆಗೆ ಹೇಳುವ ಹಾಗೆ "ಹೋ... ಹೋ... ನನ್ನವ್ವಾ, ಆಯ್ತು, ಆಯ್ತು" ಎನ್ನುತ್ತ ಮೆಲ್ಲಗೆ ಒತ್ತಿದೆ. ಕದಲಿತು! ಸೊಟ್ಟಗಾಗಿದ್ದ ಶಿಕಂಜವನ್ನೇ ಮತ್ತೆ ಹಾಕಿ ನಿಧಾನಕ್ಕೆ ತಿರುಪುತ್ತ ಬಂದೆ. ಬೆಣ್ಣೆಯ ಹಾಗೆ ಒಳಗೆ ಹೋಗಿ ಕೂತಿತು.

"ವ್ಹಾ ಸಾಬ್!" ಎಂದ ಖುದ್ದೂಸ್. ಈ ಸಲ ನಾನು ಅವನ ಕಡೆ ನೋಡಿದೆ. ಚೆನ್ನಾಗಿಯೇ ನೋಡಿದೆ.

ಹೊಸ ಪ್ಯಾಡು, ದವಡೆ, ಚಕ್ರ ಎಲ್ಲ ಕೂರಿಸಿ, ಕಾರನ್ನು ರಿಪೇರಿ ಸ್ಥಿತಿಯಿಂದ ಹೊರಗೆ ತಂದು, ನಾಲ್ಕು ಸಲ ಬ್ರೇಕ್ ತುಳಿದು ಗಟ್ಟಿಯಾದದ್ದು ನೋಡಿಕೊಂಡು, ಬೀದಿಯ ಕೊನೆಯವರೆಗೆ ಓಡಿಸಿ ನಿಲ್ಲಿಸಿದೆ. ಸದ್ದೇ ಇಲ್ಲ! ಖುದ್ದೂಸ್ ತಾನೇ ಒಂದು ಸುತ್ತು ಓಡಿಸಿ "ಪಾಸ್" ಎಂದ. ಸ್ನಾನಕ್ಕೆ ಹೊತ್ತಿರಲಿಲ್ಲ. ಲುಂಗಿಗೆ ಕೈ ಒರೆಸಿ, ಪ್ಯಾಂಟು ಅಂಗಿ ಏರಿಸಿಕೊಂಡು ಹೊರಟೇಬಿಟ್ಟೆ.

ಆ ಪ್ರಯಾಣವನ್ನು ಏನೆಂದು ವರ್ಣಿಸಲಿ! ಬಿ.ಜಿ. ಕೆರೆಯ ಪ್ರತಿ ಹಂಪಿನಲ್ಲೂ ಬೇಕೆಂದೇ ಬ್ರೇಕ್ ಒತ್ತಿ, "ಕೇಳಿಸ್ತಾ?" ಎಂದು ಕೇಳಿದೆ.

"ಏನೂ ಕೇಳಿಸ್ಲಿಲ್ಲ" ಎಂದಳು ರೂಪ.

"ಅದೇ! ಅದನ್ನೇ ಕೇಳು!"

ಊರು ದಾಟಿದ ಮೇಲೆ ಒಂದು ವಿಘ್ನ ಬಂತು. ರಸ್ತೆ ತುಂಬ ಕುರಿಮಂದೆ. ತಿಂಗಳಿಂದ ನನ್ನ ಕಾರಿನ ಕಿರುಚಾಟಕ್ಕೆ ಹೆದರಿ ದೂರದಿಂದಲೇ ದಾರಿ ಬಿಡುತ್ತಿದ್ದ ಕುರಿಗಳು, ಸದ್ದಿಲ್ಲದೆ ಬಂದ ಕಾರನ್ನು ಕ್ಯಾರೇ ಎನ್ನಲಿಲ್ಲ. ಹಾರ್ನ್ ಹೊಡೆದೆ. ಒಂದು ಟಗರು ಬಾನೆಟ್ ಮೂಸಿ ನೋಡಿತು. ಕಾಯುವವನು ದೂರದ ಜಾಲಿ ನೆರಳಲ್ಲಿ ಫೋನಿನಲ್ಲಿದ್ದ. ರೂಪ ಗಡಿಯಾರ ನೋಡಿಕೊಂಡು ತುಟಿ ಕಚ್ಚಿದಳು.

ಅವ್ವ ಗುಂಡಿ ಎತ್ತಿ ಹಗ್ಗ ಕಟ್ಟಿ ಇಳಿದಳು. ಸೀರೆ ಸೆರಗು ಸೊಂಟಕ್ಕೆ ಸಿಕ್ಕಿಸಿ, "ಟ್ರ್ರ್ರ್ರ್ ಹೋಯ್!" ಎಂದು ಒಂದು ಕೂಗು ಹಾಕಿದಳು. ಅಷ್ಟೇ! ಇಡೀ ಮಂದೆ ರಸ್ತೆಯಿಂದ ಕೆಳಗಿಳಿದು ಬದುವಿನಲ್ಲಿ ನಿಂತಿತು. ಜಾಲಿ ನೆರಳಿನವನೂ ಫೋನ್ ಜೇಬಿಗಿಟ್ಟು ಎದ್ದು ನಿಂತ. ಬೆಳಗಿನ ಅವಳ ತಪ್ಪನ್ನು ಅಲ್ಲೇ ಮನ್ನಿಸಿಬಿಟ್ಟೆ.

ಮೊಳಕಾಲ್ಮೂರು ತಲುಪಿದಾಗ ಒಂದು ಗಂಟೆ ಹೊಡೆದು ಸ್ವಲ್ಪ ಹೊತ್ತಾಗಿತ್ತು. ನೇಕಾರ ಚಿತ್ತಪ್ಪನ ಮನೆಯ ಪಡಸಾಲೆಯಲ್ಲಿ ಜಮಖಾನೆ ಹಾಸಿ, ನಡುವೆ ಸೀರೆಗಳ ರಾಶಿ. ಸುತ್ತ ಎರಡೂ ಕಡೆಯ ಬೀಗರು. ರಾಶಿಗೆ ಒಂದು ಗೇಣು ದೂರದಲ್ಲಿ ಸ್ವಪ್ನ, ಬೆರಳು ನೆಟಿಗೆ ಮುರಿಯುತ್ತ ಕೂತಿದ್ದಾಳೆ. ಗೋಡೆಗೊರಗಿ ನಮ್ಮತ್ತೆ ರಂಗಕ್ಕ, ಬಾಗಿಲ ಮೇಲೇ ಕಣ್ಣಿಟ್ಟು.

"ಬಂದ್ರು!" ಎಂದಿತು ಸಭೆ. ಸ್ವಪ್ನಳ ನೆಟಿಗೆ ಅರ್ಧಕ್ಕೇ ನಿಂತಿತು. ಗೆದ್ದೆವು ಸ್ವಾಮಿ, ಗೆದ್ದೆವು! ರೂಪ ಬಚ್ಚಲಲ್ಲಿ ಕೈಕಾಲು ತೊಳೆದು ಬರಲು ಹೋದಳು. ಹೋಗುವಾಗ ನನ್ನನ್ನು ನೋಡಿ ನಕ್ಕಳು ನೋಡಿ, ಅಂಥ ನಗುವಿಗೆ ನಾನು ನಾಲ್ಕೂ ಚಕ್ರ ಬಿಚ್ಚಲು ಸಿದ್ಧ.

ಮುರುಗೇಶ ಎದ್ದು ಬಂದ. "ಏನ್ ಬಾವ, ಸದ್ದೇ ಇಲ್ದಂಗೆ ಬಂದ್ರಿ? ನಿಮ್ಮ ಕಾರು ಬಿ.ಜಿ. ಕೆರೇಲಿ ಬ್ರೇಕ್ ಹಾಕಿದ್ರೆ ನಮಗಿಲ್ಲಿ ಕೇಳ್ತಿತ್ತು!"

ಇದನ್ನೇ ಕಾಯುತ್ತಿದ್ದೆ. ಸಭೆಯ ನಡುವೆ ಮಂಡಿಯೂರಿದೆ.

"ಕೇಳು ಮುರುಗೇಶ. ಸ್ಕ್ಯಾನರಿಲ್ಲದೆ ಆಗಲ್ಲ ಅಂದ್ಬಿಟ್ರು. ನಾನು ಬಿಡ್ತೀನಾ? ಬಲಗಡೆ ಪಿಸ್ಟನ್ ಇಷ್ಟುದ್ದ ಹೊರಗೆ ಬಂದಿತ್ತು! ಬೇರೆಯವರಾಗಿದ್ರೆ ಬಡಿದು ಹಾಳು ಮಾಡೋರು. ನಾನು ಕಾದೆ. ಕಾರು ಉಸಿರು ಬಿಡ್ತು. ಆಗ ನೋಡು, ಅಂಗೈ ಹಿಂಗೆ ಇಟ್ಟು, ಮೆಲ್ಲಗೆ, ಹಿಂಗೆ... ಒತ್ತಿ..."

ಒತ್ತಿದೆ. ಮೆತ್ತಗಿತ್ತು.

ಸಭೆಯ ಕಣ್ಣೆಲ್ಲ ಒಮ್ಮೆಲೇ ನನ್ನ ಕೈಯತ್ತ ತಿರುಗಿತು. ಕೆಳಗೆ ನೋಡಿಕೊಂಡೆ. ನನ್ನ ಬಲಗೈ ಸೀರೆಯ ರಾಶಿಯ ಮೇಲೆ, ಎಲ್ಲಕ್ಕಿಂತ ಮೇಲಿನ ಕೆನೆ ಬಣ್ಣದ ಸೀರೆಯ ಮೇಲೆ, ಐದೂ ಬೆರಳು ಅಗಲಿಸಿ ಕೂತಿತ್ತು. ಬಾಗಿಲಲ್ಲಿ ಒದ್ದೆ ಕಾಲಿನ ರೂಪ ನಿಂತಿದ್ದಳು. ಈಗಷ್ಟೇ ನಕ್ಕ ಮುಖ ಅದೇ ಎಂದು ಹೇಳುವಂತಿರಲಿಲ್ಲ.

"ಮೊದಲ ಕೈ ಬಿದ್ದೇ ಹೋಯ್ತು! ಇನ್ನು ಯಾರು ಮುಟ್ಟಿದ್ರೂ ಒಂದೇ" ಎಂದು ಸ್ವಪ್ನ ಸರಕ್ಕನೆ ಮುಂದೆ ಸರಿದಳು.

"ತಡಿಯವ್ವ" ಎಂದರು ನಮ್ಮತ್ತೆ ರಂಗಕ್ಕ. "ಅಳಿಯಂದಿರೇ, ಕೈ ಎತ್ತಿ."

ಎತ್ತಿದೆ. ಕೆನೆ ಬಣ್ಣದ ರೇಷ್ಮೆಯ ಮೇಲೆ ಐದು ಬೆರಳು, ಒಂದು ಅಂಗೈ, ಗೆರೆಗೆರೆಯೂ ಕಾಣುವಂತೆ ಕಪ್ಪಗೆ ಅಚ್ಚೊತ್ತಿತ್ತು! ಬ್ರೇಕಿನ ಮಸಿ ಲುಂಗಿಗೆ ಒರೆಸಿದರೆ ಹೋಗುವಂಥದ್ದಲ್ಲವೆಂದು ಅಲ್ಲಿ ತಿಳಿಯಿತು. "ಅಯ್ಯಯ್ಯೋ, ಏಂದಯ್ಯಾ ಇದಿ!" ಎಂದು ಚಿತ್ತಪ್ಪ ತೆಲುಗಿನಲ್ಲಿ ಎದೆ ಹಿಡಿದುಕೊಂಡ.

ನಮ್ಮತ್ತೆ ಸೀರೆಯನ್ನು ತಿರುಗಿಸಿ ನೋಡಿದರು. ಆಮೇಲೆ ಹೈಕೋರ್ಟಿನ ಗತ್ತಿನಲ್ಲಿ ತೀರ್ಪು ಕೊಟ್ಟರು.

"ಮಸಿ ಬಿದ್ದಿದ್ದು ಶುಭಕಾರ್ಯಕ್ಕೆ ಬರಲ್ಲ. ಶುಭಕಾರ್ಯಕ್ಕೆ ಬರದ ಸೀರೆ ಮುಟ್ಟಿದ್ದು ಲೆಕ್ಕಕ್ಕಿಲ್ಲ. ಇದನ್ನ ಆಚೆ ಇಡ್ರಿ. ರೂಪಾ, ಬಾರವ್ವ, ಕೈ ಇಡು. ಹೊತ್ತಾಗ್ತೈತೆ."

ರೂಪ ಬಂದಳು. ಒಂದು ಕ್ಷಣವೂ ತಡಮಾಡದೆ, ಕುಂಕುಮ ಬಣ್ಣದ, ನವಿಲಂಚಿನ ಸೀರೆಯ ಮೇಲೆ ಕೈ ಇಟ್ಟು ಎತ್ತಿ ಎದೆಗೊತ್ತಿಕೊಂಡಳು. ಮದುಮಗಳು ಎದ್ದು ಸೋದರತ್ತೆಯ ಕಾಲಿಗೆ ಬಿದ್ದಳು. ಅತ್ತಿಗೆ ಅರಿಶಿನ ಕುಂಕುಮ ಕೊಟ್ಟಳು. ಗೋಡೆ ಗಡಿಯಾರದಲ್ಲಿ ರಾಹುಕಾಲಕ್ಕೆ ಇನ್ನೂ ಹೊತ್ತಿತ್ತು. ನನ್ನ ಕಣ್ಣೂ ಒದ್ದೆಯಾಯಿತೆಂದು ಒಪ್ಪಿಕೊಳ್ಳಲು ನನಗೆ ನಾಚಿಕೆಯಿಲ್ಲ.

"ಸ್ವಾಮಿ, ಈ ಸೀರೆ?" ಎಂದ ಚಿತ್ತಪ್ಪ, ನನ್ನ ಹಸ್ತಮುದ್ರೆಯನ್ನು ಎತ್ತಿ ಹಿಡಿದು.

"ತೊಳೆದ್ರೆ ಹೋಗ್ತೈತೆ ಬಿಡಿ" ಎಂದೆ.

"ರೇಷ್ಮೆ ಸ್ವಾಮಿ, ಎಮ್ಮೆ ಅಲ್ಲ ತೊಳೆಯೋಕೆ!"

"ನನಗಿರ್ಲಿ ಕಟ್ಟಿ ಕೊಡಣ್ಣ" ಎಂದಳು ರೂಪ, ಈಗ ಮತ್ತೆ ನಗುತ್ತ. "ಕೈ ಗುರುತು ಒಳನೆರಿಗೆಗೆ ಹೋಗ್ತೈತೆ. ನಮ್ಮನೆಯೋರು ಕೆಲಸ ಮಾಡಿದ್ದಕ್ಕೆ ಒಂದು ಸಾಕ್ಷಿಯಾದ್ರೂ ಇರ್ಲಿ."

ಸಭೆಯೆಲ್ಲ ನಕ್ಕಿತು. ನಾನೂ ನಕ್ಕೆ. ಕಾರು ಸರಿಯಾಯಿತು, ಹೆಂಡತಿ ಗೆದ್ದಳು, ಅವಳಿಗೊಂದು ರೇಷ್ಮೆ ಸೀರೆಯೂ ಆಯಿತು. ಇಷ್ಟಕ್ಕೇ ಮುಗಿದಿದ್ದರೆ ನಾನು ವೀರನಾಗಿಯೇ ಚಳ್ಳಕೆರೆಗೆ ಮರಳುತ್ತಿದ್ದೆ. ಆದರೆ ನಮ್ಮವ್ವ ಎಲೆಗೆ ಸುಣ್ಣ ಸವರುತ್ತ, ಬಹಳ ಹೊತ್ತಿನಿಂದ ನನ್ನ ಕೈಯನ್ನೇ ನೋಡುತ್ತಿದ್ದಳು.

"ಅಲ್ಲ ಕಣೋ ಲೋಹಿತ" ಎಂದಳು, ಎರಡೂ ಕಡೆಯ ಬೀಗರಿಗೆಲ್ಲ ಕೇಳುವಂತೆ. "ದಿನಾ ಎಮ್ಮೆಗೆ ಕೈ ಹಾಕೋವಾಗ ಕಂಕುಳ ತನಕ ಪ್ಲಾಸ್ಟಿಕ್ ಕೈಚೀಲ ಏರಿಸ್ಕೋತೀಯಲ್ಲ. ಕಾರಿಗೆ ಕೈ ಹಾಕೋವಾಗ ಆ ಬುದ್ಧಿ ಎಲ್ಲಿಗೋಗಿತ್ತು?"

ಕಾರಿನ ಡಿಕ್ಕಿಯಲ್ಲಿ ಆ ಕೈಗವಸುಗಳದ್ದೇ ಎರಡು ಡಬ್ಬಿ ಇದ್ದವು. ಜಾಕ್ ತೆಗೆಯುವುದಕ್ಕೆ ಅಡ್ಡ ಬಂದವೆಂದು ಬೆಳಗ್ಗೆ ನಾನೇ ಅವನ್ನು ಪಕ್ಕಕ್ಕೆ ಸರಿಸಿದ್ದೆ.